ಬೈಕ್ ಹಗುರ ಇದ್ದರಷ್ಟೇ ಸಾಕೇ?

ಮಳೆಗಾಲದಲ್ಲಿ ಸಾಂಗಲಿ-ಮಿರಜ್ ಸುತ್ತ ಲಾರಿಗೆ ದಾರಿ ಬಿಟ್ಟು ಎರೆಮಣ್ಣಿಗೆ ಇಳಿದು ನಿಂತಿದ್ದೀರಿ. ಬೈಕ್ ವಾಲಿತು. ನಿಮ್ಮ ಕಾಲು ತಡೆದೀತೇ?

ವಾಲುವ ಕೋನ ಒಂದೇ ಇದ್ದರೆ, ಉರುಳಿಸುವ ಟಾರ್ಕ್ ತೂಕವನ್ನು ಗುರುತ್ವ ಕೇಂದ್ರದ ಎತ್ತರದಿಂದ ಗುಣಿಸಿದಷ್ಟಕ್ಕೆ ಅನುಪಾತದಲ್ಲಿರುತ್ತದೆ. ಹಳೆಯ 411 ಸಿಸಿ ಹಿಮಾಲಯನ್ 199 ಕೆ.ಜಿ., ಸೀಟಿನ ಎತ್ತರ 800 ಮಿ.ಮೀ. ಅವೆಂಜರ್ 220 ಕ್ರೂಸ್ 163 ಕೆ.ಜಿ., 737 ಮಿ.ಮೀ. ಗುರುತ್ವ ಕೇಂದ್ರ 60 ಮತ್ತು 50 ಸೆಂ.ಮೀ. ಅಂತ ಇಟ್ಟುಕೊಳ್ಳಿ. ತೂಕ ಇಳಿದದ್ದು ಶೇ. 18, ಟಾರ್ಕ್ ಇಳಿದದ್ದು ಶೇ. 32! ಮೇಲಾಗಿ ಪಾದ ಪೂರ್ತಿ ನೆಲಕ್ಕೂರುತ್ತದೆ.

ಆದರೆ ತಗ್ಗು ಬೈಕಿನ ಹೊಟ್ಟೆಗೆ ಹಂಪ್ ತಾಗಬಹುದು, ನಿಧಾನ ದಾಟಿಸಿ. ದೂರ ಹೊರಟರೆ ಬ್ಯಾಗನ್ನು ಸೀಟಿನ ಮೇಲೆ ಪೇರಿಸಬೇಡಿ. ಎರಡೂ ಬದಿಗೆ ಸಮನಾಗಿ, ಕೆಳಗೆ ಕಟ್ಟಿ. ಇಲ್ಲವಾದರೆ ತಗ್ಗಿಸಿದ ಗುರುತ್ವ ಕೇಂದ್ರ ಮತ್ತೆ ಮೇಲೇರುತ್ತದೆ.