ಸೋಲಾರ್ ಬ್ಯಾಟರಿಯ ಮೀಟರು ಹೇಳುವುದೇನು?



ಜೋಯಿಡಾ, ಯಲ್ಲಾಪುರ, ಹೊಸನಗರದ ಕಡೆಯ ಕಾಡಂಚಿನ ಒಂಟಿ ಮನೆಗಳಿಗೆ ಸೋಲಾರ್ ದೀಪ ಈಗ ಹೊಸದೇನಲ್ಲ. ಲೈನ್ ಕಂಬ ಬಾರದ ಕಡೆ ಅದೇ ಆಸರೆ. ಕಂಬ ಬಂದರೂ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಕಡೆಯೂ ಅದೇ. ಮಾಡಿನ ಮೇಲಿನ ಪ್ಯಾನೆಲ್ ಇಪ್ಪತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಮೊದಲು ಸೋಲುವುದು ಬ್ಯಾಟರಿ. ಚೆನ್ನಾಗಿ ನೋಡಿಕೊಂಡರೆ ಐದಾರು ವರ್ಷ ಬರಬೇಕಾದ ಟ್ಯೂಬ್ಯುಲರ್ ಬ್ಯಾಟರಿ ಎರಡೇ ವರ್ಷಕ್ಕೆ ಕೈಕೊಟ್ಟದ್ದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಹೊಸದನ್ನು ತರಲು ಹತ್ತು ಸಾವಿರ ರೂಪಾಯಿಗೂ ಮೇಲೆ ಬೇಕು. ಆ ಮನೆಗಳಲ್ಲೆಲ್ಲ ಗೋಡೆಯ ಮೇಲೆ ಮೀಟರು ಇದ್ದೇ ಇತ್ತು. ಮನೆಯವರು ಅದನ್ನು ದಿನವೂ ನೋಡುತ್ತಿದ್ದರು, ಆದರೆ ಅದು ಹೇಳಿದ್ದನ್ನು ಬೇರೆಯಾಗಿ ತಿಳಿಯುತ್ತಿದ್ದರು.

ಚಾರ್ಜ್ ಕಂಟ್ರೋಲರ್ ಎಂಬ ಪೆಟ್ಟಿಗೆಯ ಮುಖದ ಮೇಲೆ ಕಾಣುವ ಅಂಕಿ ವೋಲ್ಟಿನದು. ಬ್ಯಾಟರಿಯೊಳಗೆ ಎಷ್ಟು ಶಕ್ತಿ ಉಳಿದಿದೆ ಎಂಬುದರ ನೇರ ಅಳತೆ ಅದಲ್ಲ. ಮಧ್ಯಾಹ್ನ ಬಿಸಿಲಿದ್ದಾಗ ಅದು 14 ತೋರಿಸಿದರೆ ‘ತುಂಬಿತು’ ಎಂದುಕೊಂಡು ಟಿ.ವಿ., ಮಿಕ್ಸರ್ ಎಲ್ಲ ಹಾಕಿಬಿಡುತ್ತೇವೆ. ಒಲೆಯ ಮೇಲಿನ ಹಾಲು ಉಕ್ಕಿದಾಗ ಅರ್ಧ ಪಾತ್ರೆಯೂ ಬಾಯಿವರೆಗೆ ತುಂಬಿದಂತೆ ಕಾಣುವುದಿಲ್ಲವೆ? ಉರಿ ತೆಗೆದರೆ ತಾನೇ ಕೆಳಗಿಳಿಯುತ್ತದೆ. ಪ್ಯಾನೆಲ್‌ನಿಂದ ಕರೆಂಟ್ ಬರುತ್ತಿರುವಾಗ ವೋಲ್ಟೂ ಹಾಗೆಯೇ ಉಕ್ಕಿರುತ್ತದೆ. ರಾತ್ರಿ ದೀಪ, ಫ್ಯಾನು ಓಡುತ್ತಿರುವಾಗ ಅದೇ ವೋಲ್ಟು ಇರಬೇಕಾದದ್ದಕ್ಕಿಂತ ಕುಗ್ಗಿ ಕಾಣುತ್ತದೆ. ಎರಡು ಹೊತ್ತಿನ ಅಂಕಿಯೂ ನಂಬತಕ್ಕದ್ದಲ್ಲ.

ನಂಬಬಹುದಾದ ಹೊತ್ತು ಒಂದೇ, ಬೆಳಗಿನ ಜಾವ. ಪ್ಯಾನೆಲ್ ಮೇಲೆ ಬೆಳಕು ಬೀಳುವ ಮುನ್ನ ಎಲ್ಲ ಸ್ವಿಚ್ಚು ಆರಿಸಿರಬೇಕು. ರಾತ್ರಿಯಿಡೀ ಫ್ಯಾನು ಓಡಿದ್ದರೆ ಅದನ್ನು ನಿಲ್ಲಿಸಿ ಅರ್ಧ ಗಂಟೆಯಾದರೂ ಬಿಟ್ಟು ನೋಡಿ. 12 ವೋಲ್ಟಿನ ಸೀಸ-ಆಸಿಡ್ ಬ್ಯಾಟರಿ ಹೀಗೆ ವಿಶ್ರಾಂತಿಯಲ್ಲಿದ್ದಾಗ 12.6ರಿಂದ 12.7 ತೋರಿಸಿದರೆ ತುಂಬಿದೆ. 12.4 ಎಂದರೆ ಸುಮಾರು ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. 11.8ಕ್ಕೆ ಬಂದಿದ್ದರೆ ಬರಿದಾಯಿತೆಂದೇ ತಿಳಿಯಿರಿ. 24 ವೋಲ್ಟಿನ ವ್ಯವಸ್ಥೆಯಾದರೆ ಈ ಅಂಕಿಗಳನ್ನು ಇಮ್ಮಡಿ ಮಾಡಿಕೊಳ್ಳಿ. ಒಂದೊಂದು ಅಂಕಿಯ ನಡುವೆ ಇರುವುದು ವೋಲ್ಟಿನ ಹತ್ತನೆಯ ಎರಡು ಭಾಗ ಮಾತ್ರ. ಆದ್ದರಿಂದ ದಶಮಾಂಶದ ನಂತರದ ಅಂಕಿಯನ್ನೇ ಗಮನವಿಟ್ಟು ನೋಡಬೇಕು.

ದಿನವೂ 12.2ರ ಕೆಳಗೆ ಹೋಗಲು ಬಿಡಬೇಡಿ. ‘ಕಂಟ್ರೋಲರ್ ತಾನೇ ಆರಿಸುತ್ತದಲ್ಲ’ ಎಂದು ಹಲವರು ಕೇಳುತ್ತಾರೆ. ಅದು ಆರಿಸುವುದು 11 ವೋಲ್ಟಿನ ಆಸುಪಾಸಿನಲ್ಲಿ. ಅಷ್ಟರಲ್ಲಿ ಬ್ಯಾಟರಿಗೆ ಪೆಟ್ಟು ಬಿದ್ದಿರುತ್ತದೆ. ಬರಿದಾದ ಬ್ಯಾಟರಿಯನ್ನು ದಿನಗಟ್ಟಲೆ ಹಾಗೆಯೇ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ.

ನಿಮ್ಮ ಮನೆಯ ಖರ್ಚಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. 7 ವಾಟಿನ ನಾಲ್ಕು ಬಲ್ಬು 5 ಗಂಟೆ ಉರಿದರೆ 140 ವಾಟ್-ಗಂಟೆ. 40 ವಾಟಿನ ಟಿ.ವಿ. 3 ಗಂಟೆಗೆ 120. 28 ವಾಟಿನ ಡಿ.ಸಿ. ಫ್ಯಾನು 8 ಗಂಟೆಗೆ 224. ಒಟ್ಟು 484. ಇದನ್ನು 12ರಿಂದ ಭಾಗಿಸಿದರೆ ಸುಮಾರು 40 ಆಂಪಿಯರ್ ಅವರ್, ಅಂದರೆ 40 ಎ.ಎಚ್. ಬ್ಯಾಟರಿ 150 ಎ.ಎಚ್.ನದಾದರೆ ಅರ್ಧ, ಎಂದರೆ 75 ಎ.ಎಚ್., ನಿಮ್ಮ ಬಳಕೆಗೆ. ಬಿಸಿಲಿಲ್ಲದ ಎರಡನೆಯ ರಾತ್ರಿಗೇ ಅದು ಮುಗಿಯುತ್ತದೆ. ಆಷಾಢದ ಮಳೆಯಲ್ಲಿ ಬಿಸಿಲು ಎರಡು ದಿನಕ್ಕೊಮ್ಮೆ ಬಂದರೆ ಪುಣ್ಯ!

ಇಷ್ಟು ಲೆಕ್ಕವನ್ನು ತಾನೇ ಇಡುವ ಇನ್ನೊಂದು ಬಗೆಯ ಮೀಟರು ಇದೆ. ಇದಕ್ಕೆ ಬ್ಯಾಟರಿ ಮಾನಿಟರ್ ಎನ್ನುತ್ತಾರೆ. ಬ್ಯಾಟರಿಯ ನೆಗೆಟಿವ್ ತಂತಿಯಲ್ಲಿ ಷಂಟ್ ಎಂಬ ಲೋಹದ ತುಂಡೊಂದನ್ನು ಕೂರಿಸಿರುತ್ತಾರೆ. ಅದರ ಮೂಲಕ ಹಾಯುವ ಕರೆಂಟನ್ನು ಮಾನಿಟರು ಎಣಿಸುತ್ತದೆ. ಕಣಜದ ಬಾಗಿಲಲ್ಲಿ ಕುಳಿತು ಒಳಗೆ ಬಂದ ಚೀಲ, ಹೊರಗೆ ಹೋದ ಚೀಲ ಬರೆದುಕೊಳ್ಳುವ ಲೆಕ್ಕಿಗನಂತೆ ಇದರ ಕೆಲಸ. ಉಳಿದದ್ದು ನೂರಕ್ಕೆ ಎಷ್ಟು ಎಂದು ತೋರಿಸುತ್ತದೆ. ಆಂಪಿಯರ್ ಅಂಕಿಯ ಹಿಂದೆ ಕಳೆಯುವ ಗುರುತು ಇದ್ದರೆ ಕರೆಂಟ್ ಹೊರಗೆ ಹೋಗುತ್ತಿದೆ ಎಂದರ್ಥ.

ಆದರೆ ಹಿತ್ತಲ ಬಾಗಿಲಿನಿಂದ ಹೋದ ಚೀಲ ಲೆಕ್ಕಿಗನಿಗೆ ಹೇಗೆ ತಿಳಿಯಬೇಕು? ಅಡಿಕೆ ಬೆಳೆಗಾರರೊಬ್ಬರ ಮನೆಗೆ ಹೋಗಿದ್ದಾಗ ಅವರು ಹೇಳಿದರು: “ಸಾಹೇಬ್ರೇ, ಇದು ಎಪ್ಪತ್ತು ಅಂತ ತೋರಿಸ್ತದೆ. ದೀಪ ಮಾತ್ರ ರಾತ್ರಿ ಎಂಟಕ್ಕೇ ಹೋಗ್ತದೆ.” ಬ್ಯಾಟರಿಯ ಹತ್ತಿರ ಹೋಗಿ ನೋಡಿದೆವು. ಮಿಕ್ಸರ್ ಓಡಿಸಲು ಆಮೇಲೆ ತಂದ ಸಣ್ಣ ಇನ್ವರ್ಟರಿನ ಕಪ್ಪು ತಂತಿಯನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್ ಗೂಟಕ್ಕೇ ಬಿಗಿದಿದ್ದರು. ಮಿಕ್ಸರ್ ತಿಂದದ್ದು ಒಂದು ಚೂರೂ ಲೆಕ್ಕಕ್ಕೆ ಬಂದಿರಲಿಲ್ಲ. “ಯಜಮಾನ್ರೇ, ಈ ಗೂಟದ ಮೇಲೆ ಇರಬೇಕಾದ್ದು ಷಂಟಿಗೆ ಹೋಗುವ ತಂತಿ ಒಂದೇ” ಎಂದು ಹೇಳಿ ಇನ್ವರ್ಟರಿನ ತಂತಿಯನ್ನು ಷಂಟಿನ ಆಚೆ ಬದಿಗೆ ಹಾಕಿಸಿದ ಮೇಲೆ ಲೆಕ್ಕ ಸರಿಹೋಯಿತು. ನಿಮ್ಮಲ್ಲಿಯೂ ಒಮ್ಮೆ ನೋಡಿ. ನೆಗೆಟಿವ್ ಗೂಟದಲ್ಲಿ ಎರಡು ತಂತಿ ಕಂಡರೆ ಮಾನಿಟರು ಸುಳ್ಳು ಹೇಳುತ್ತಿದೆ. ಕೈ ಹಾಕುವ ಮುಂಚೆ ಎಲ್ಲ ಆರಿಸಿರಿ. ಸ್ಪ್ಯಾನರ್ ಎರಡೂ ಗೂಟಕ್ಕೆ ತಾಗಿದರೆ ಕಿಡಿ ಹಾರಿ ಅಪಾಯ. ಬ್ಯಾಟರಿಯ ಬಳಿ ಚಿಮಣಿ, ಬೀಡಿ ಬೇಡವೇ ಬೇಡ.

ಮಾನಿಟರಿಗೆ ಕೆಲವು ಅಂಕಿಗಳನ್ನು ನಾವೇ ತಿಳಿಸಬೇಕು. ಮೊದಲನೆಯದು ಬ್ಯಾಟರಿಯ ಎ.ಎಚ್. ಎರಡನೆಯದು ‘ತುಂಬಿತು’ ಎಂದು ತಿಳಿಯಬೇಕಾದ ವೋಲ್ಟು. ಕಂಟ್ರೋಲರ್ 14.4ರವರೆಗೆ ಏರಿಸುವುದಾದರೆ ಇಲ್ಲಿ 14.2 ಇಡಿ. 13.2 ಎಂದಿಟ್ಟರೆ ಬೆಳಿಗ್ಗೆ ಹತ್ತಕ್ಕೇ ನೂರು ತೋರಿಸಿಬಿಡುತ್ತದೆ. ಮೂರನೆಯದು, ತುಂಬುತ್ತ ಬಂದಾಗ ಕರೆಂಟ್ ಎಷ್ಟಕ್ಕೆ ಇಳಿಯಬೇಕು ಎಂಬುದು. 150 ಎ.ಎಚ್.ಗೆ 3ರಿಂದ 6 ಆಂಪಿಯರ್. ಮೋಡ ಹಾಯ್ದಾಗಲೂ ಕರೆಂಟ್ ಇಳಿಯುವುದರಿಂದ ಸೋಲಾರ್‌ಗೆ ಕಡಿಮೆಯದೇ ವಾಸಿ.

ಬ್ಯಾಟರಿ ನಿಜವಾಗಿ ತುಂಬಿದ ದಿನ ಮಾನಿಟರು ತನ್ನ ಲೆಕ್ಕವನ್ನು ಹೊಸದಾಗಿ ನೂರರಿಂದ ಆರಂಭಿಸುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ತುಂಬದಿದ್ದರೆ ದಿನದಿನದ ಸಣ್ಣ ತಪ್ಪು ಸೇರಿ ಲೆಕ್ಕವೇ ಹಳಿ ತಪ್ಪುತ್ತದೆ. ಆಗ ಬೆಳಗಿನ ವೋಲ್ಟನ್ನೇ ನಂಬಿ. ಹೊಳವಾದ ದಿನ ಫ್ಯಾನು, ಟಿ.ವಿ. ನಿಲ್ಲಿಸಿ ಬ್ಯಾಟರಿ ಪೂರ್ತಿ ತುಂಬಲು ಬಿಡಿ. ಜನರೇಟರ್ ಮತ್ತು ಚಾರ್ಜರ್ ಇದ್ದವರು ಅದನ್ನು ಸಂಜೆ ಓಡಿಸುವ ಬದಲು ಬೆಳಿಗ್ಗೆ ಒಂದೆರಡು ತಾಸು ಓಡಿಸಿ. ಕೊನೆಯ ಭಾಗ ನಿಧಾನವಾಗಿ ತುಂಬುವಂಥದು, ಅದಕ್ಕೆ ಪೆಟ್ರೋಲ್ ಸುಡುವುದೇಕೆ? ಪ್ಯಾನೆಲ್ ನೋಡಿಕೊಳ್ಳಲಿ.

ಬ್ಯಾಟರಿ ಹಳತಾದಂತೆ ಒಳಗಿನ ಜಾಗ ಕುಗ್ಗುತ್ತದೆ, ಮಾನಿಟರು ಮಾತ್ರ 150 ಎಂದೇ ಎಣಿಸುತ್ತಿರುತ್ತದೆ. ಪರೀಕ್ಷೆ ಸುಲಭ. ಪೂರ್ತಿ ತುಂಬಿದ ದಿನ ಎಂದಿನಂತೆ ಬಳಸಿ. ಮರುದಿನ ಬೆಳಿಗ್ಗೆ 45 ಎ.ಎಚ್. ಖರ್ಚಾಗಿ ಮಾನಿಟರು 70 ತೋರಿಸುತ್ತಿದೆ, ವೋಲ್ಟು ನೋಡಿದರೆ 12.0 ಎಂದಿಟ್ಟುಕೊಳ್ಳಿ. ಉಳಿದದ್ದು ಕಾಲು ಭಾಗ, ಅಂದರೆ 45 ಎಂಬುದು ಮುಕ್ಕಾಲು. ನಿಮ್ಮ ಬ್ಯಾಟರಿ ಈಗ ಸುಮಾರು 60 ಎ.ಎಚ್.ನದು. ಮಾನಿಟರಿನಲ್ಲಿ ಅದನ್ನೇ ತುಂಬಿ, ಹೊಸದಕ್ಕೆ ಹಣ ಕೂಡಿಡಲು ಆರಂಭಿಸಿ.

ಯಾವ ಮಾನಿಟರೂ ಹೇಳದ ಸಂಗತಿಯೊಂದಿದೆ. ಆರು ಸೆಲ್‌ಗಳಲ್ಲಿ ಒಂದೇ ಸೆಲ್ ಸೋತಿದ್ದರೆ ಅದು ಹೈಡ್ರೋಮೀಟರಿಗೆ ಮಾತ್ರ ಸಿಗುತ್ತದೆ. ತುಂಬಿದ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 1.240ರ ಆಸುಪಾಸು ಬರಬೇಕು. ಒಂದು ಸೆಲ್ ಉಳಿದವಕ್ಕಿಂತ 0.030ಕ್ಕೂ ಹೆಚ್ಚು ಕೆಳಗಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಡಿಸ್ಟಿಲ್ಡ್ ವಾಟರ್ ಹಾಕಿದ ಕೂಡಲೇ ಅಳೆಯಬೇಡಿ, ಒಮ್ಮೆ ಚಾರ್ಜ್ ಆಗಿ ಬೆರೆಯಲಿ. ಬಾವಿ ನೀರು ಹಾಕುವ ಅಭ್ಯಾಸ ಇನ್ನೂ ಕೆಲವೆಡೆ ಇದೆ. ಅದರಲ್ಲಿನ ಲವಣ ಬ್ಯಾಟರಿಗೆ ವಿಷ.

ಲಿಥಿಯಂ ಬ್ಯಾಟರಿಗೆ ಇದೇ ಲೆಕ್ಕ ಸಾಕೆ ಎಂದು ಈಚೆಗೆ ಕೇಳುವವರಿದ್ದಾರೆ. ಸಾಲದು. 12 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಮುಕ್ಕಾಲು ಇದ್ದರೂ ಅರ್ಧವಿದ್ದರೂ ವೋಲ್ಟು 13.2ರ ಹತ್ತಿರವೇ ನಿಂತಿರುತ್ತದೆ. ಬೆಳಗಿನ ಪರೀಕ್ಷೆ ಅಲ್ಲಿ ನಡೆಯದು, ಎಣಿಸುವ ಮಾನಿಟರೇ ಬೇಕು. ಹಳೆಯದನ್ನು ತೆಗೆದು ಲಿಥಿಯಂ ಕೂರಿಸುವವರು ಕಂಟ್ರೋಲರಿನಲ್ಲಿ ಬ್ಯಾಟರಿಯ ಬಗೆಯನ್ನೂ ಮಾನಿಟರಿನಲ್ಲಿ ಎ.ಎಚ್. ಹಾಗೂ ವೋಲ್ಟನ್ನೂ ಕೂರಿಸಲು ಬಂದವರಿಂದಲೇ ಬದಲಾಯಿಸಿಕೊಳ್ಳಿ. ಆ ಅಂಕಿಗಳನ್ನು ಅವರ ಕೈಯಲ್ಲೇ ಒಂದು ಚೀಟಿಯಲ್ಲಿ ಬರೆಸಿ ಪೆಟ್ಟಿಗೆಯ ಪಕ್ಕ ಅಂಟಿಸಿಡಿ.