ವಿದ್ಯುದ್ಗಾಡಿಯ ಮೋಟಾರೂ ಅದರ ಕಂಟ್ರೋಲರೂ

ರಬಕವಿ-ಬನಹಟ್ಟಿಯ ಮನೆಗಳಲ್ಲಿ ವಿದ್ಯುತ್ ಮಗ್ಗದ ಸಪ್ಪಳವನ್ನು ಕೇಳುತ್ತಲೇ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಮೋಟಾರೆಂದರೇನೆಂದು ಮೊದಲಿನಿಂದ ಹೇಳುವ ಅವಶ್ಯವಿಲ್ಲ. ಗುಂಡಿಯನ್ನೊತ್ತಿದೊಡನೆ ಅದು ತಿರುಗುವದು; ಸುಟ್ಟುಹೋದರೆ ತಂತಿ ಸುತ್ತಿಕೊಡುವವರೂ ದೊರೆಯುವರು. ಆದರೆ ಈ ಪರಿಚಯದಿಂದಲೇ ಒಂದು ತಪ್ಪು ತಿಳುವಳಿಕೆ ಹುಟ್ಟುವದುಂಟು. ನೂಲಿನ ಮತ್ತು ಸೀರೆಯ ಗಂಟುಗಳನ್ನು ಒಯ್ಯಲು ಮೂರು ಗಾಲಿಯ ಗಾಡಿಗೆ ವಿದ್ಯುತ್ತನ್ನು ಅಳವಡಿಸಬೇಕೆಂದು ಹವಣಿಸುವವರು ಮೋಟಾರಿನ ತಗಡಿನ ಮೇಲೆ ಬರೆದ ವ್ಯಾಟುಗಳನ್ನು ಮಾತ್ರ ನೋಡಿ ಕೊಳ್ಳುತ್ತಾರೆ. ಕಂಟ್ರೋಲರನ್ನಾದರೋ ಅಂಗಡಿಯವನು ಕೊಟ್ಟದ್ದೇ ಸರಿಯೆಂದು ತರುತ್ತಾರೆ. ಬಯಲಿನಲ್ಲಿ ಗಾಡಿ ಚೆನ್ನಾಗಿಯೇ ಓಡುವದು. ಏರಿನ ನಡುವೆ ಕಂಟ್ರೋಲರು ಕಾದು ಬಲ ನಿಂತಿತೆಂದರೆ, ಗಂಟುಗಳ ಭಾರದೊಡನೆ ಗಾಡಿ ಹಿಂದಕ್ಕೆ ಜಾರುವದು. ಹಿಂದೆ ಬರುವವರ ಪ್ರಾಣಕ್ಕೇ ಅಪಾಯವುಂಟಾಗುವದು. ಆದಕಾರಣ ಈ ಎರಡರ ಜೋಡಿಯನ್ನು ಹೇಗೆ ಕೂಡಿಸಬೇಕೆಂಬದನ್ನು ಇಲ್ಲಿ ವಿವರಿಸುತ್ತೇವೆ.

ಮಗ್ಗದ ಮೋಟಾರಿನಲ್ಲಿಯೂ ಬ್ರಶ್ಶುಗಳಿಲ್ಲವಲ್ಲ, ಮತ್ತೆ ಭೇದವೇನೆಂದು ಕೇಳಬಹುದು. ಮೂರು ಫೇಜಿನ ವಿದ್ಯುತ್ತು ಸೆಕೆಂಡಿಗೆ ೧೦೦ ಸಾರೆ ದಿಕ್ಕು ಬದಲಿಸುವ ಕ್ರಮವನ್ನು ದೂರದ ವಿದ್ಯುದಾಗಾರದಿಂದಲೇ ಹೊತ್ತು ತರುವದು. ಬ್ಯಾಟರಿಯ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವಂಥದು. ಅದರಿಂದ ಏನನ್ನಾದರೂ ತಿರುಗಿಸಬೇಕಾದರೆ ಸುರುಳಿಗಳೊಳಗಿನ ಪ್ರವಾಹವನ್ನು ಸಮಯವರಿತು ಬದಲಿಸುತ್ತಿರಬೇಕು. ಹಳೆಯ ಮೋಟಾರುಗಳಲ್ಲಿ ಈ ಕೆಲಸವನ್ನು ಇಂಗಾಲದ ಬ್ರಶ್ಶುಗಳು ಉಜ್ಜುತ್ತ, ಸವೆಯುತ್ತ ಮಾಡುತ್ತಿದ್ದವು. ೧೯೬೨ರಲ್ಲಿ ವಿಲ್ಸನ್ ಮತ್ತು ಟ್ರಿಕಿ ಎಂಬವರು ಅದೇ ಕೆಲಸವನ್ನು ಘನಸ್ಥಿತಿಯ ವಿದ್ಯುತ್ ಸ್ವಿಚ್ಚುಗಳಿಂದ ಮಾಡಿಸಬಹುದೆಂದು ತೋರಿಸಿಕೊಟ್ಟರು. ನಮ್ಮ ನಾಡಿನಲ್ಲಿಯೂ ಈ ಮಾರ್ಪಾಡು ಕಂಡುಬಂದಿತು: ಬೆಂಗಳೂರಿನಲ್ಲಿ ೨೦೦೧ರಲ್ಲಿ ಹೊರಬಂದ ರೇವಾ ಕಾರಿನಲ್ಲಿ ಮೊದಲು ನೇರವಿದ್ಯುತ್ತಿನ ಮೋಟಾರು ಇದ್ದಿತು, ಅದೇ ಊರಿನ ಏಥರ್ ಕಂಪನಿಯವರು ೨೦೧೮ರಲ್ಲಿ ತಂದ ಸ್ಕೂಟರಿನಲ್ಲಿ ಅಯಸ್ಕಾಂತಗಳುಳ್ಳ ಬ್ರಶ್‌ರಹಿತ ಮೋಟಾರು ಬಂದಿತು. ಅಂತೂ ಕಂಟ್ರೋಲರು ಗಾಡಿಯೊಳಗಿನ ಪುಟ್ಟ ವಿದ್ಯುದಾಗಾರವೇ ಸರಿ. ಅದಿಲ್ಲದೆ ಈ ಮೋಟಾರು ಒಂದು ಸುತ್ತನ್ನೂ ತಿರುಗದು.

ಈಗ ಲೆಕ್ಕಕ್ಕೆ ಬರೋಣ. ವ್ಯಾಟಿನಿಂದಲ್ಲ, ಏರಿನಿಂದ ಲೆಕ್ಕವನ್ನು ಮೊದಲುಮಾಡಬೇಕು. ಗಾಡಿ, ನಡೆಸುವವರು, ಗಂಟುಗಳು ಕೂಡಿ ೪೦೦ ಕಿಲೋಗ್ರಾಮು ಎನ್ನೋಣ. ಹನ್ನೆರಡು ಮಾರು ಹೋಗುವಷ್ಟರಲ್ಲಿ ಒಂದು ಮಾರು ಏರುವ ದಾರಿ. ಏರಿಗಾಗಿ ಸುಮಾರು ೩೩೦ ನ್ಯೂಟನ್, ಗಾಲಿಗಳ ಉರುಳಿಗಾಗಿ ೬೦, ಒಟ್ಟಿಗೆ ೩೯೦ ನ್ಯೂಟನ್ ಬಲ ಬೇಕು. ನಮ್ಮಲ್ಲಿ ಅಷ್ಟೊಂದು ಏರುಗಳೆಲ್ಲಿವೆ ಎಂದು ಮುಧೋಳದ ಎರೆ ಭೂಮಿಯವರು ನಗಬಾರದು. ಮಳೆಯಲ್ಲಿ ನೆನೆದ ಎರೆಮಣ್ಣಿನ ದಾರಿ ಸಮತಟ್ಟಾಗಿದ್ದರೂ ಇಷ್ಟೇ ಬಲವನ್ನು ಬೇಡಬಹುದು. ಬೀಳಗಿಯ ಹೊಲದ ದಾರಿಗಳಿಗೂ ಜಮಖಂಡಿಯ ರಾಮತೀರ್ಥದ ಗುಡ್ಡಕ್ಕೂ ಒಂದೇ ಲೆಕ್ಕ ನಡೆಯುವದು.

ಗಾಲಿಯ ತ್ರಿಜ್ಯ ೨೫ ಸೆಂಟಿಮೀಟರಾದರೆ ಗಾಲಿಯನ್ನು ತಿರುಗಿಸಲು ಸುಮಾರು ೯೭ ನ್ಯೂಟನ್-ಮೀಟರು ಟಾರ್ಕ್ ಬೇಕು. ನಡುವೆ ಆರಕ್ಕೊಂದರ ಗಿಯರನ್ನಿಟ್ಟರೆ, ಅಲ್ಲಿಯ ನಷ್ಟವನ್ನು ಸೇರಿಸಿ, ಮೋಟಾರು ೧೮ ನ್ಯೂಟನ್-ಮೀಟರು ಕೊಟ್ಟರೆ ಸಾಕು. ಗಿಯರಿಲ್ಲದೆ ಗಾಲಿಯಲ್ಲಿಯೇ ಕೂಡ್ರಿಸುವ ಮೋಟಾರಾದರೆ ೯೭ನ್ನೂ ತಾನೇ ಕೊಡಬೇಕು. ಆದುದರಿಂದ ಅದು ಗಾತ್ರದಲ್ಲಿಯೂ ತೂಕದಲ್ಲಿಯೂ ಹಿರಿದಾಗಿರಬೇಕು.

ಬಯಲಿನಲ್ಲಿ ಗಂಟೆಗೆ ೨೫ ಕಿಲೋಮೀಟರು ಓಡಲು ಈ ಮೋಟಾರು ನಿಮಿಷಕ್ಕೆ ಸುಮಾರು ೧,೬೦೦ ಸುತ್ತು ತಿರುಗಬೇಕು. ೪೮ ವೋಲ್ಟಿನ ಬ್ಯಾಟರಿಯ ಮೇಲೆ ಭಾರವಿಲ್ಲದಾಗ ೨,೦೦೦ ಸುತ್ತು ತಿರುಗುವಂಥದನ್ನು ಆರಿಸಿದರೆ, ವೋಲ್ಟಿಗೆ ಸುಮಾರು ೪೨ ಸುತ್ತು ಎಂದಾಯಿತು. ಇದಕ್ಕೆ ಮೋಟಾರಿನ ಕೆ.ವಿ. ಎಂದು ಹೆಸರು. ೯.೫೫ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಒಂದು ಅಂಪಿಯರಿಗೆ ದೊರೆಯುವ ಟಾರ್ಕ್ ಬರುವದು. ಇಲ್ಲಿ ಅದು ೦.೨೩ ನ್ಯೂಟನ್-ಮೀಟರು. ಹಾಗಾದರೆ ೧೮ ನ್ಯೂಟನ್-ಮೀಟರಿಗೆ ಸುರುಳಿಗಳೊಳಗೆ ಸುಮಾರು ೮೦ ಅಂಪಿಯರು ಹರಿಯಬೇಕು. ಹೆಚ್ಚು ವೇಗದ ಆಸೆಯಿಂದ ಹೆಚ್ಚು ಕೆ.ವಿ.ಯ ಮೋಟಾರನ್ನು ತಂದವರು ಅದೇ ಏರಿಗೆ ಇನ್ನೂ ಹೆಚ್ಚು ಅಂಪಿಯರನ್ನು ತೆರಬೇಕಾಗುವದು.

ಬಹುಜನರು ಎಡವುವದು ಇಲ್ಲಿಯೇ. ಅದೇ ಏರಿನಲ್ಲಿ ಗಂಟೆಗೆ ೧೦ ಕಿಲೋಮೀಟರಿನ ವೇಗದಲ್ಲಿ ಹೋಗುವಾಗ ಬ್ಯಾಟರಿಯಿಂದ ಹೊರಡುವದು ಸುಮಾರು ೩೨ ಅಂಪಿಯರು ಮಾತ್ರ. ೩೨ ಹೋಗಿ ೮೦ ಆದದ್ದು ಹೇಗೆ? ಮೋಟಾರು ಮೆಲ್ಲಗೆ ತಿರುಗುವಾಗ ಅದಕ್ಕೆ ಬೇಕಾದ ವೋಲ್ಟು ಕಡಿಮೆ, ಸುಮಾರು ೨೦. ಕಂಟ್ರೋಲರು ೪೮ ವೋಲ್ಟನ್ನು ಕತ್ತರಿಸಿ ಇಳಿಸುವಾಗ, ಅದೇ ಪ್ರಮಾಣದಲ್ಲಿ ಅಂಪಿಯರು ಏರುವದು. ಕಂಟ್ರೋಲರಿನ ಮೇಲೆ ‘೩೫ ಅಂಪಿಯರ್’ ಎಂದಿದ್ದರೆ ಅದು ಹೆಚ್ಚಾಗಿ ಬ್ಯಾಟರಿಯ ಕಡೆಯ ಅಂಕೆ. ಫೇಜಿನ ಕಡೆಗೆ ಎಷ್ಟು, ಎಷ್ಟು ನಿಮಿಷಗಳವರೆಗೆ ಎಂದು ಕೇಳಿಯೇ ಕೊಳ್ಳಬೇಕು. ಹೇಳಲು ಬಾರದಿದ್ದರೆ ಬೇರೆ ಅಂಗಡಿಯನ್ನು ನೋಡಬೇಕು. ದೊಡ್ಡ ಕಂಟ್ರೋಲರನ್ನೇ ತಂದರಾಯಿತೆಂಬ ಉಪಾಯವೂ ಪೂರ್ತಿ ಸರಿಯಲ್ಲ. ಮಿತಿಯನ್ನು ಇಳಿಸಿಡದಿದ್ದರೆ ಅದು ತಾನು ತಣ್ಣಗಿದ್ದು ಮೋಟಾರಿನ ಸುರುಳಿಗಳನ್ನು ಸುಡುವದು.

ವೋಲ್ಟಿನ ವಿಷಯ ಚಿಕ್ಕದು. ‘೪೮ ವೋಲ್ಟ್’ ಎಂಬದು ಹೆಸರು ಮಾತ್ರ. ಹದಿಮೂರು ಲಿಥಿಯಮ್-ಅಯಾನ್ ಕೋಶಗಳ ಸಾಲು ಪೂರ್ಣ ತುಂಬಿದಾಗ ೫೪.೬ ವೋಲ್ಟು, ೬೦ ವೋಲ್ಟಿನದೆನ್ನುವ ಹದಿನಾರು ಕೋಶಗಳದು ೬೭.೨. ೪೮ರ ಕಂಟ್ರೋಲರುಗಳಲ್ಲಿ ಅನೇಕವು ೬೩ ವೋಲ್ಟಿನ ಕೆಪ್ಯಾಸಿಟರುಗಳನ್ನು ಹೊಂದಿರುವದರಿಂದ ಎರಡನೆಯ ಸಾಲನ್ನು ಅವಕ್ಕೆ ಜೋಡಿಸಕೂಡದು.

ತಂತಿಗಳ ಜೋಡಣೆಯಲ್ಲಿ ಹೆಚ್ಚು ತಾಳ್ಮೆ ಬೇಕು. ಅಯಸ್ಕಾಂತಗಳು ಈ ಕ್ಷಣ ಎಲ್ಲಿವೆಯೆಂಬದನ್ನು ಮೂರು ಹಾಲ್ ಸಂವೇದಕಗಳು ಕಂಟ್ರೋಲರಿಗೆ ತಿಳಿಸುವವು. ಆ ಸುದ್ದಿ ತಪ್ಪಿದರೆ, ಹಾಸಿನ ಎಳೆಗಳು ಬಾಯಿ ತೆರೆಯುವ ಮೊದಲೇ ಲಾಳಿಯನ್ನು ಹೊಡೆದಂತೆ ಆಗುವದು. ನೇಕಾರರ ಮಕ್ಕಳಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ತಂತಿಗಳ ಬಣ್ಣವನ್ನು ನಂಬಬಾರದು, ಒಬ್ಬ ತಯಾರಕನ ಹಳದಿ ಇನ್ನೊಬ್ಬನ ಹಳದಿಯಲ್ಲ. ಮೂರು ಫೇಜಿನ ತಂತಿಗಳೂ ಮೂರು ಹಾಲ್ ತಂತಿಗಳೂ ಕೂಡಿ ೩೬ ಬಗೆಯಲ್ಲಿ ಜೋಡಣೆಯಾಗಬಲ್ಲವು. ಅವುಗಳಲ್ಲಿ ಕೆಲವೇ ಸರಿ. ಸರಿಯಾದದ್ದರಲ್ಲಿ ಮೋಟಾರು ನುಣುಪಾಗಿ, ಕಡಿಮೆ ಅಂಪಿಯರಿನಲ್ಲಿ ತಿರುಗುವದು. ತಪ್ಪಾದದ್ದರಲ್ಲಿ ಗುರುಗುಟ್ಟುತ್ತ ಕಾಯುವದು. ಸಂವೇದಕಗಳು ೧೨೦ ಅಂಶದವೋ ೬೦ ಅಂಶದವೋ ಎಂಬದನ್ನೂ ಅರಿಯಬೇಕು. ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಮೀಟರಿನಿಂದ ನೋಡುವಾಗ, ಮೂರೂ ಏಕಕಾಲಕ್ಕೆ ೫ ವೋಲ್ಟನ್ನು ಅಥವಾ ಮೂರೂ ಸೊನ್ನೆಯನ್ನು ತೋರಿದರೆ ೬೦ರವು. ಎಂದೂ ಹಾಗಾಗದಿದ್ದರೆ ೧೨೦ರವು.

ಇಳಿತದಲ್ಲಿ ಮೋಟಾರು ಬ್ಯಾಟರಿಗೆ ವಿದ್ಯುತ್ತನ್ನು ಹಿಂದಿರುಗಿಸುವ ಏರ್ಪಾಡು ಚೆಲುವಾದದ್ದೇ. ಆದರೆ ಪೂರ್ಣ ತುಂಬಿದ ಬ್ಯಾಟರಿ ಅದನ್ನು ಸ್ವೀಕರಿಸದೆ ಬಾಗಿಲು ಮುಚ್ಚಿದರೆ ವೋಲ್ಟು ಒಮ್ಮೆಲೆ ಏರಿ ಕಂಟ್ರೋಲರನ್ನು ಕೆಡಿಸಬಹುದು. ಗಾಲಿಯ ಬ್ರೇಕುಗಳನ್ನು ಎಂದೂ ತೆಗೆಯಬಾರದು.

ಇನ್ನು ಕಾನೂನು. ೨೫೦ ವ್ಯಾಟಿಗೂ ಗಂಟೆಗೆ ೨೫ ಕಿಲೋಮೀಟರಿಗೂ ಒಳಗಿನ, ನಿಯಮಗಳಿಗೊಪ್ಪುವ ಹಗುರ ಬಂಡಿಗಳಿಗೆ ಮಾತ್ರ ನೋಂದಣಿಯ ವಿನಾಯತಿಯುಂಟು. ನಾವು ಲೆಕ್ಕಿಸಿದ ಗಾಡಿ ಆ ಮಿತಿಯನ್ನು ದಾಟಿದೆ. ನೋಂದಣಿಯಾದ ವಾಹನವನ್ನು ಅನುಮತಿಯಿಲ್ಲದೆ ಮಾರ್ಪಡಿಸುವದನ್ನು ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮು ತಡೆಯುವದು. ಖರ್ಚಿಗೆ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವದು ಲೇಸು.

ಜೋಡಣೆ ಮುಗಿದ ಮೇಲೆ ಮೊದಲು ಗಾಲಿಯನ್ನು ನೆಲದಿಂದೆತ್ತಿ, ಅಂಪಿಯರಿನ ಮಿತಿಯನ್ನು ಇಳಿಸಿ ತಿರುಗಿಸಿರಿ. ಬಳಿಕ ಬರಿಯ ಗಾಡಿಯನ್ನು ಬಯಲಿನಲ್ಲಿ ಓಡಿಸಿರಿ. ಕಡೆಗೆ ಗಂಟುಗಳ ತೂಕದಷ್ಟು ಉಸುಕಿನ ಚೀಲಗಳನ್ನು ಹೇರಿ ಏರಿಗೆ ಹೋಗಿರಿ, ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಮೋಟಾರೂ ಕಂಟ್ರೋಲರೂ ಎಷ್ಟು ಕಾದಿವೆಯೆಂದು ನೋಡಿರಿ. ಆ ದಿನ ಗಾಡಿಯ ನೇರ ಹಿಂದೆ ಯಾರೂ ನಡೆಯಬಾರದು; ಬದಿಯಲ್ಲಿ ಬರುವ ಒಬ್ಬರ ಕೈಯಲ್ಲಿ, ಗಾಲಿಗೆ ಕೊಡಲಿಕ್ಕೆ, ಒಂದು ದಪ್ಪ ಕಲ್ಲು ಇರಲಿ.