ಗದ್ದದ ಶಸ್ತ್ರಚಿಕಿತ್ಸೆಯಾದ ಮೇಲೆ



ಮೇ ತಿಂಗಳ ಕೊನೆ, ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಕಾಸರಗೋಡು ಕಡೆಯ ನನ್ನ ಪರಿಚಯದ ಮನೆಯೊಂದರಲ್ಲಿ ಮಗ ಗದ್ದಕ್ಕೆ ಪಟ್ಟಿ ಕಟ್ಟಿಕೊಂಡು ಒಳಗೇ ಕುಳಿತಿದ್ದ. ಕೇಳಿದವರಿಗೆಲ್ಲ ತಾಯಿ ಹಲ್ಲುನೋವು ಎಂದಿದ್ದರು. ನಿಜವಾಗಿ ಆತ ಹಿಂದೆ ಸರಿದಂತಿದ್ದ ಗದ್ದಕ್ಕೆ ಸಿಲಿಕೋನ್ ತುಂಡು ಇರಿಸಿಕೊಂಡು ಬಂದಿದ್ದ. ಅದು ಬೇಕಿತ್ತೇ ಎಂದು ನಾನು ಕೇಳಲಿಲ್ಲ. ಆದರೆ ನಾಲ್ಕನೆಯ ದಿನವೇ ಮೈಲುತುತ್ತಿನ ಡ್ರಮ್ಮು ಎತ್ತಲು ಹೊರಟದ್ದನ್ನು ಕಂಡು ಸುಮ್ಮನಿರಲಾಗಲಿಲ್ಲ. ಆತನ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಸಿಲಿಕೋನ್ ಎಲುಬಿನಲ್ಲಿ ಬೆರೆಯುವುದಿಲ್ಲ. ಶರೀರವು ಅದರ ಸುತ್ತ ಪೊರೆಯೊಂದನ್ನು ಕಟ್ಟುತ್ತದೆ. ಅದಕ್ಕೆ ಕೆಲವು ವಾರಗಳು ಬೇಕು. ಅಷ್ಟರಲ್ಲಿ ಪೆಟ್ಟು ಬಿದ್ದರೆ ತುಂಡು ಜರುಗಬಹುದು. ಬಗ್ಗಿ ಭಾರ ಎತ್ತಿದರೆ ಒಳಗೆ ರಕ್ತ ಒಸರಬಹುದು. ಭಾರದ ಕೆಲಸಕ್ಕೆ ಸಾಮಾನ್ಯವಾಗಿ 2-3 ವಾರ ಬಿಡುವು ಬೇಕು. ಮರ ಹತ್ತುವುದು, ಚೆಂಡಾಟ ಇವಕ್ಕೆ ಇನ್ನೂ ಹೆಚ್ಚು. ಬಾವು ಮೊದಲ 2-3 ದಿನ ಏರಿ ಆಮೇಲೆ ಇಳಿಯುತ್ತದೆ. ತಲೆ ಎತ್ತರಿಸಿ ಅಂಗಾತ ಮಲಗಬೇಕು. ಸರಿಯಾದ ಆಕಾರ ಕಾಣಲು ತಿಂಗಳುಗಳೇ ಹಿಡಿಯುತ್ತವೆ, ದಿನಕ್ಕೆ ಹತ್ತು ಸಲ ಕನ್ನಡಿ ನೋಡಿ ಪ್ರಯೋಜನವಿಲ್ಲ.

ಹೆಚ್ಚಿನವರಿಗೆ ತಿಳಿಯದ ವಿಷಯ ತುಟಿಯ ಮರಗಟ್ಟುವಿಕೆ. ಕೆಳತುಟಿ, ಗದ್ದಗಳಿಗೆ ಸ್ಪರ್ಶ ತಿಳಿಸುವ ನರ ದವಡೆಯ ಎರಡೂ ಬದಿಯ ಸಣ್ಣ ರಂಧ್ರಗಳಿಂದ ಹೊರಬರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅದು ಜಗ್ಗಿದರೆ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ, ಅಪರೂಪಕ್ಕೆ ಕಾಯಂ ಆಗಿಯೂ ಸ್ಪರ್ಶ ಇರುವುದಿಲ್ಲ. ನಮ್ಮ ಹುಡುಗ ಕುದಿಯುವ ಗಂಜಿ ಕುಡಿದು ತುಟಿ ಸುಟ್ಟುಕೊಂಡ. ಬೊಬ್ಬೆ ಎದ್ದ ಮೇಲೆಯೇ ಗೊತ್ತಾದದ್ದು. ತುಟಿಯನ್ನು ನಂಬದೆ ಬೆರಳಿನಿಂದ ಬಿಸಿ ನೋಡಿ. ಕ್ಷೌರಕ್ಕೂ ಅವಸರ ಬೇಡ.

ಗಾಯ ಬಾಯೊಳಗಿದ್ದರೆ ಚೆನ್ನಾಗಿ ಬೆಂದ ಗಂಜಿ, ಹೆಸರುಬೇಳೆ, ಮೊಟ್ಟೆ, ಎಳನೀರು ಒಳ್ಳೆಯದು. ಉಪ್ಪಿನಕಾಯಿ, ಮುಳ್ಳಿನ ಮೀನು ಸದ್ಯಕ್ಕೆ ಬೇಡ. ಉಂಡಾಗಲೆಲ್ಲ ವೈದ್ಯರು ಹೇಳಿದಂತೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ತೊಳೆಯಬೇಕು. ಬೀಡಿ, ಹೊಗೆಸೊಪ್ಪು ಗಾಯಕ್ಕೆ ರಕ್ತ ಹರಿಯುವುದನ್ನು ತಗ್ಗಿಸಿ ಮಾಯುವುದನ್ನು ತಡಮಾಡುತ್ತವೆ. ಎಲೆಯಡಿಕೆಯನ್ನೂ ಬಿಡಬೇಕು. ಅಡಿಕೆ ಬೆಳೆಗಾರನ ಮನೆಯಲ್ಲಿ ಈ ಮಾತು ಹೇಳುವುದು ಸುಲಭವಲ್ಲ!

ಇಳಿಯುತ್ತಿದ್ದ ಬಾವು ಮತ್ತೆ ಏರಿದರೆ, ಜ್ವರ, ಕೀವು, ದುರ್ವಾಸನೆ ಕಂಡರೆ ಸೊಪ್ಪಿನ ಲೇಪ ಹಚ್ಚಿ ಕಾಯಬೇಡಿ. ಅದೇ ದಿನ ವೈದ್ಯರಲ್ಲಿಗೆ ಹೋಗಿ. ನಂಜಾದ ತುಂಡನ್ನು ಹಲವು ಬಾರಿ ತೆಗೆಯಲೇ ಬೇಕಾಗುತ್ತದೆ.

ಆ ಸಲ ಮದ್ದು ಬಿಡಲು ಕೂಲಿಯವರು ಬಂದರು. ಹುಡುಗ ಮೂರು ವಾರ ಜಗಲಿಯಲ್ಲಿ ಕುಳಿತು ಅವರ ಲೆಕ್ಕ ಬರೆದ.